ಮಡಚುವ ಪರದೆ: ಗಾಜಿಗೆ ಬಳಿದು ಎಬ್ಬಿಸುವುದು ಹೇಗೆ?

ಆಲೆಮನೆ ದಿನಗಳಲ್ಲಿ ಶಿರಸಿ ಕಡೆಯ ಮನೆಗಳಲ್ಲಿ ತೊಡದೇವು ಮಾಡುವುದನ್ನು ನೋಡಿದ್ದೀರಾ? ಕವುಚಿ ಹಾಕಿದ ಮಡಕೆ, ಕೆಳಗೆ ಬೆಂಕಿ. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಅತ್ತೆ ಒಂದೇ ಸಲಕ್ಕೆ ಬಳಿಯುತ್ತಾರೆ. ಕಾಗದದಂಥ ಹಾಳೆ ಬೇಯುತ್ತದೆ. ಅಂಚು ಬಿಡಿಸಿ ಎಬ್ಬಿಸಿ, ಬಿಸಿ ಇದ್ದಾಗಲೇ ಮಡಚುತ್ತಾರೆ.

ಮಡಚುವ ಮೊಬೈಲ್‌ನ ಪರದೆಯೂ ಹೀಗೇ ತಯಾರಾಗುತ್ತದೆ. ತೆಳ್ಳಗಿನ ಹಾಳೆಯನ್ನು ಹಾಗೇ ಹಿಡಿದು ಅದರ ಮೇಲೆ ಟ್ರಾನ್ಸಿಸ್ಟರ್, ಅಂದರೆ ವಿದ್ಯುತ್ತಿನ ಪುಟ್ಟ ಸ್ವಿಚ್, ಕೂರಿಸಲು ಆಗುವುದಿಲ್ಲ. ಸುರುಳಿಯಾಗುತ್ತದೆ, ಹಿಗ್ಗುತ್ತದೆ. ಹಾಗಾಗಿ ಮೊದಲು ಗಟ್ಟಿ ತಳ ಬೇಕು. ಇಲ್ಲಿ ಮಡಕೆಯ ಜಾಗದಲ್ಲಿ ಗಾಜು.

ಚೆನ್ನಾಗಿ ತೊಳೆದ ಗಾಜಿನ ಮೇಲೆ ಪಾಲಿಮೈಡ್ ಎಂಬ ಪ್ಲಾಸ್ಟಿಕ್ ಆಗಲಿರುವ ದ್ರವವನ್ನು ಸಮನಾಗಿ ಬಳಿಯುತ್ತಾರೆ. ನೋಡಲು ಜೇನಿನಂತೆ. ಆಮೇಲೆ ನೈಟ್ರೋಜನ್ ತುಂಬಿದ ಒಲೆಯಲ್ಲಿ ನಿಧಾನವಾಗಿ 400 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಅವಸರ ಮಾಡಿದರೆ ಒಳಗಿನ ದ್ರಾವಕ ಗುಳ್ಳೆ ಎಬ್ಬಿಸುತ್ತದೆ. ಕೊನೆಗೆ ಉಳಿಯುವ ಪದರ ಸುಮಾರು 10 ಮೈಕ್ರಾನ್ ದಪ್ಪ. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ, ಅಲ್ವಾ? ಮುಂದಿನ ಬಿಸಿಗೆ ಮಾಮೂಲಿ ಪ್ಲಾಸ್ಟಿಕ್ ಕರಗಿಹೋಗುತ್ತದೆ, ಪಾಲಿಮೈಡ್ ತಡೆಯುತ್ತದೆ.

ಆದರೆ ಅದು ತೇವವನ್ನು ಒಳಗೆ ಹಾಯಲು ಬಿಡುತ್ತದೆ. ಕಾರವಾರದ ಮಳೆಗಾಲದಲ್ಲಿ ತೆರೆದಿಟ್ಟ ಹಪ್ಪಳ ಏನಾಗುತ್ತದೆ ಎಂದು ನಮಗೆ ಗೊತ್ತು. ಅದಕ್ಕೇ ಮೇಲೆ ಸಿಲಿಕಾನ್ ನೈಟ್ರೈಡ್, ಸಿಲಿಕಾನ್ ಆಕ್ಸೈಡ್ ತಡೆಪದರಗಳನ್ನು ಕೂರಿಸುತ್ತಾರೆ.

ಈಗ ನನಗೆ ಜಾಸ್ತಿ ಇಷ್ಟವಾದ ಹಂತ. ಟ್ರಾನ್ಸಿಸ್ಟರ್ ಆಗಲಿರುವ ಸುಮಾರು 50 ನ್ಯಾನೊಮೀಟರ್ ಸಿಲಿಕಾನ್ ಪದರ ಬೀಳುತ್ತದೆ. ಅದರ ಪರಮಾಣುಗಳು ಅಡ್ಡಾದಿಡ್ಡಿ, ವಿದ್ಯುತ್ ಸರಾಗವಾಗಿ ಹರಿಯುವುದಿಲ್ಲ. ಕರಗಿಸಿ ಹರಳಾಗಿಸಬೇಕು. ಸಿಲಿಕಾನ್ ಕರಗಲು 1,400 ಡಿಗ್ರಿಯಷ್ಟು ಬಿಸಿ ಬೇಕು. ಕೆಳಗಿರುವ ಪಾಲಿಮೈಡ್ ಗತಿ? 308 ನ್ಯಾನೊಮೀಟರ್ ತರಂಗದ ಲೇಸರ್ ಒಂದು ಸೆಕೆಂಡಿನ ಹತ್ತು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಮಿಂಚಿ ಮಾಯವಾಗುತ್ತದೆ. ಮೇಲಿನ ಸಿಲಿಕಾನ್ ಕರಗಿ ಗಟ್ಟಿಯಾಗುತ್ತದೆ, ಬಿಸಿ ಕೆಳಗಿಳಿಯಲು ಸಮಯವೇ ಸಿಗುವುದಿಲ್ಲ. ಇದಕ್ಕೂ ಮೊದಲು ಸಿಲಿಕಾನ್‌ನೊಳಗಿನ ಹೈಡ್ರೋಜನ್ ಅನ್ನು ಕಾಯಿಸಿ ಹೊರಹಾಕಿರಬೇಕು. ಇಲ್ಲದಿದ್ದರೆ ಅದು ಒಮ್ಮೆಲೇ ಸಿಡಿದು ಪದರವೇ ಕಿತ್ತುಬರುತ್ತದೆ.

ಉಳಿದದ್ದು ತಾಳ್ಮೆಯ ಕೆಲಸ. ಬೆಳಕಿನಿಂದ ಅಚ್ಚು ಮೂಡಿಸು, ಬೇಡದ್ದನ್ನು ಕೆರೆದು ತೆಗೆ, ಮುಂದಿನ ಪದರ ಹಾಕು. ಟ್ರಾನ್ಸಿಸ್ಟರ್ ಅನ್ನು ಆನ್-ಆಫ್ ಮಾಡುವ ಗೇಟ್‌ಗೆ ಮಾಲಿಬ್ಡಿನಮ್, ತಂತಿಗಳಿಗೆ ಟೈಟೇನಿಯಂ ಮತ್ತು ಅಲ್ಯೂಮಿನಿಯಂ. ಇಂಥ ತೆಳುಪದರದ ಟ್ರಾನ್ಸಿಸ್ಟರ್ ಬಗ್ಗೆ ವಿಜ್ಞಾನಿ ಪಾಲ್ ವೈಮರ್ 1962ರಲ್ಲೇ ಬರೆದಿದ್ದರು. ಅವರು ಬಳಸಿದ್ದು ಕ್ಯಾಡ್ಮಿಯಂ ಸಲ್ಫೈಡ್. ಟ್ರಾನ್ಸಿಸ್ಟರ್ ಮುಗಿದ ಮೇಲೆ ಬೆಳಕು ಕೊಡುವ ಓಎಲ್‌ಇಡಿ ಪದರ, ಅದರ ಮೇಲೆ ಮುಚ್ಚಳದ ಪದರ.

ಕೊನೆಗೆ ಎಬ್ಬಿಸುವುದು. ಗಾಜಿನ ಹಿಂಬದಿಯಿಂದ ಲೇಸರ್ ಹಾಯಿಸುತ್ತಾರೆ. ಗಾಜಿಗೆ ತಾಗಿದ ಪಾಲಿಮೈಡ್‌ನ ತೆಳು ಪದರ ಮಾತ್ರ ಸುಟ್ಟು ಹಿಡಿತ ಬಿಡುತ್ತದೆ, ಹಾಳೆ ಮೇಲೇಳುತ್ತದೆ. ಗಾಜಿನ ಬೆನ್ನಿಗೆ ಒಂದು ಕಣ ಧೂಳು ಕೂತಿದ್ದರೂ ಸಾಕು, ಅಲ್ಲಿ ಬೆಳಕು ತಲುಪುವುದಿಲ್ಲ. ಅಷ್ಟು ಜಾಗ ಅಂಟಿಕೊಂಡೇ ಉಳಿದು, ಎಳೆದಾಗ ಸರ್ಕ್ಯೂಟ್ ಹರಿಯುತ್ತದೆ. ಅತ್ತೆಯೂ ಪ್ರತಿ ಸಲ ಬಳಿಯುವ ಮೊದಲು ಮಡಕೆಯನ್ನು ಒರೆಸಿ, ಅಂಗೈಯನ್ನು ಹತ್ತಿರ ಹಿಡಿದು ಬಿಸಿ ನೋಡುತ್ತಾರೆ.