ಡ್ರಮ್ಮನ್ನು ಆಚೆ ತುದಿಗೆ ಒಯ್ದ ಮೇಲೆ

ನನಗಿಂತ ಮೊದಲು ಎರಡು ತಂಡಗಳು ಕೈಬಿಟ್ಟು ಹೋದ ಡಕ್ಟ್ ಅದು, ಕೇಬಲ್ ಹಾಯಿಸಲು ನೆಲದಡಿ ಹೂತ ಪ್ಲಾಸ್ಟಿಕ್ ಕೊಳವೆ. ಸುಮಾರು 2 ಕಿಲೋಮೀಟರ್ ಉದ್ದ, ಹೊರವ್ಯಾಸ 40, ಒಳವ್ಯಾಸ 33 ಮಿಲಿಮೀಟರಿನ ಎಚ್‌ಡಿಪಿಇ, ಒಳಮೈಗೆ ಜಾರುಪದರ ಇರುವ ಮಾಮೂಲಿ ಮಾಲು. ಹಾಕಬೇಕಾಗಿದ್ದದ್ದು 96 ಎಳೆಗಳ, 14 ಮಿಲಿಮೀಟರ್ ಆಸುಪಾಸಿನ ಆಪ್ಟಿಕಲ್ ಫೈಬರ್ ಕೇಬಲ್. ಮೊದಲ ತಂಡ ವಿಂಚ್ ಕಟ್ಟಿ ಎಳೆದಾಗ 700 ಮೀಟರ್ ದಾಟುವುದರೊಳಗೆ ಸೆಳೆತದ ಮಿತಿ ಮೀರಿ, ಕೇಬಲ್ಲನ್ನು ಕಾಪಾಡಲೆಂದೇ ತುಂಡಾಗುವ ಪಿನ್ನು ಕತ್ತರಿಸಿತು. ಎರಡನೆಯವರು ಕೇಬಲ್ಲನ್ನು ನೂಕುತ್ತಾ ಗಾಳಿಯಿಂದ ಊದಿ ಒಳಗೆ ಕಳಿಸುವ ದೊಡ್ಡ ಬ್ಲೋಯಿಂಗ್ ಯಂತ್ರವನ್ನೇ ತಂದರು. ಕೇಬಲ್ 1,100 ಮೀಟರ್ ಹತ್ತಿರ ನಿಂತಿತು, ಆಮೇಲೆ ಅಲುಗಲಿಲ್ಲ. ಡಕ್ಟ್ ಕುಸಿದಿದೆ, ಅಗೆದು ಬದಲಾಯಿಸಿ ಎಂದು ಬರೆದುಕೊಟ್ಟು ಹೋದರು. ಕೇಬಲ್ ಹೋಗದಿದ್ದಾಗ ಡಕ್ಟಿನ ಮೇಲೆ ತಪ್ಪು ಹೊರಿಸುವುದು ನಮ್ಮ ಕಸುಬಿನ ಹಳೆಯ ಚಾಳಿ.

ನಕ್ಷೆ ನೋಡಿದಾಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯದೇ. ಮಾರ್ಗದ ಮೂರು ದೊಡ್ಡ ತಿರುವುಗಳೂ ಒಂದೇ ತುದಿಯ ಮೊದಲ 300 ಮೀಟರ್ ಒಳಗೇ ಇದ್ದವು. ಎರಡೂ ತಂಡಗಳು ಕೇಬಲ್ ಬಿಟ್ಟದ್ದು ಆ ತುದಿಯಿಂದಲೇ. ಲಾರಿ ನಿಲ್ಲಿಸಲು ಜಾಗ ಇದ್ದದ್ದೂ ಅಲ್ಲಿಯೇ.

ತುದಿಯ ಆಯ್ಕೆಯಲ್ಲಿ ವಿಂಚಿನವರು ಮಾಡಿದ್ದು ಸರಿ. ಎಳೆಯುವಾಗ ಪ್ರತಿ 90 ಡಿಗ್ರಿ ತಿರುವೂ ಅಲ್ಲಿಯವರೆಗೆ ಸೇರಿದ ಸೆಳೆತವನ್ನು ಗುಣಿಸುತ್ತದೆ. ಘರ್ಷಣೆಯ ಗುಣಾಂಕ 0.25 ಎಂದುಕೊಂಡರೆ ಒಂದೊಂದು ತಿರುವಿಗೆ ಒಂದೂವರೆ ಪಟ್ಟು, ಮೂರಕ್ಕೆ ಮೂರು ಪಟ್ಟಿಗಿಂತ ಹೆಚ್ಚು. ಸೆಳೆತ 15 ಕಿಲೋ ಇದ್ದಾಗ ಗುಣಿಸಿದರೆ 50ರ ಒಳಗೆ ಮುಗಿಯುತ್ತದೆ. 100 ಕಿಲೋ ಆದ ಮೇಲೆ ಗುಣಿಸಿದರೆ 300 ದಾಟುತ್ತದೆ, ಸಾಮಾನ್ಯ ಕೇಬಲ್ಲಿನ 270 ಕಿಲೋ ಮಿತಿ ಅಲ್ಲಿಗೆ ಹೋಯಿತು. ಹಾಗಾಗಿ ತಿರುವುಗಳು ಕೇಬಲ್ ಸುತ್ತಿದ ಡ್ರಮ್ಮಿನ ಹತ್ತಿರವಿರಬೇಕು ಎಂಬುದು ಎಳೆಯುವವರ ನಿಯಮ.

ಊದುವಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಗಾಳಿಯ ಒತ್ತಡ ಡಕ್ಟಿನುದ್ದಕ್ಕೂ ಸಮವಾಗಿ ಇಳಿಯುವುದಿಲ್ಲ. ಬಾಯಿಯಲ್ಲಿ 10 ಬಾರ್ ಕೊಟ್ಟರೆ ಅರ್ಧ ದಾರಿಯಲ್ಲಿ ಇನ್ನೂ ಸುಮಾರು 7 ಬಾರ್ ಉಳಿದಿರುತ್ತದೆ. ಉಳಿದ ಅಷ್ಟೂ ಇಳಿಯುವುದು ಎರಡನೆಯ ಅರ್ಧದಲ್ಲಿ. ಗಾಳಿ ಹಿಗ್ಗುತ್ತಾ ವೇಗ ಪಡೆದು ಕೇಬಲ್ಲನ್ನು ಗಟ್ಟಿಯಾಗಿ ಎಳೆಯುವುದು ಕೊನೆಯ ಭಾಗದಲ್ಲಿಯೇ. ಆರಂಭದಲ್ಲಿ ಗಾಳಿಯ ಎಳೆತ ತೀರಾ ಕಡಿಮೆ, ಅಲ್ಲಿ ದುಡಿಯುವುದು ಯಂತ್ರದ ನೂಕುಬಲ. ಆ ನೂಕನ್ನು ಮೂರು ತಿರುವುಗಳು ತಿಂದುಹಾಕಿದರೆ ಮುಂದಕ್ಕೆ ಏನು ಉಳಿಯುತ್ತದೆ? ಆದ್ದರಿಂದ ಡ್ರಮ್ ಇರಬೇಕಾದದ್ದು ನೇರ ಮಾರ್ಗವಿರುವ ತುದಿಯಲ್ಲಿ.

ಇದನ್ನು ಹೇಳಿದಾಗ ಮಾಲೀಕರ ಕಡೆಯ ಇಂಜಿನಿಯರ್ ನಕ್ಕರು. ಇಪ್ಪತ್ತು ವರ್ಷ ಎಳೆದ ಅನುಭವ ಅವರದು. ಎರಡನೆಯ ತಂಡದ ಮುಖ್ಯಸ್ಥರಂತೂ ಆ ತುದಿಗೆ ಡ್ರಮ್ ಸಾಗಿಸುವ ಖರ್ಚೇ ದಂಡ ಎಂದರು. ವಾದ ಬೆಳೆಸದೆ ಕರಾರು ಬದಲಿಸಿದೆ: ಕೇಬಲ್ ಆಚೆ ಚೇಂಬರಿನಲ್ಲಿ, ಅಂದರೆ ಡಕ್ಟ್ ತೆರೆದುಕೊಳ್ಳುವ ನೆಲದಡಿಯ ಕೋಣೆಯಲ್ಲಿ, ತಲೆ ಹಾಕಿದರೆ ಮಾತ್ರ ಹಣ, ಇಲ್ಲದಿದ್ದರೆ ಡೀಸೆಲ್ ಖರ್ಚೂ ನನ್ನದೇ. ನಾನು ಕೇಳಿದ ಮೊತ್ತ ಹೊಸ ಅಗೆತದ ಅಂದಾಜಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆಯೇ ಇತ್ತು. ಕಂಪ್ರೆಸರ್ ಬಾಡಿಗೆಯೇ ದಿನಕ್ಕೆ ಇಡೀ ತಂಡದ ಕೂಲಿಯ ಎರಡು ಪಟ್ಟು ಬರುವುದರಿಂದ, ಅದು ನಿಂತಲ್ಲೇ ನಿಂತ ಒಂದೊಂದು ದಿನವೂ ನನ್ನ ಲಾಭದ ಬುಡಕ್ಕೇ ಕೊಡಲಿ.

ಅದಕ್ಕಾಗಿಯೇ ಕಂಪ್ರೆಸರ್ ಬರುವ ಮೊದಲು ಡಕ್ಟಿನ ಕೆಲಸವನ್ನೆಲ್ಲ ಮುಗಿಸಿಕೊಂಡೆ. ಸಣ್ಣ ಕಂಪ್ರೆಸರಿನಲ್ಲಿ 5 ಬಾರ್ ತುಂಬಿ ಅರ್ಧ ಗಂಟೆ ಬಿಟ್ಟಾಗ ಒತ್ತಡ ಮಾಪಕದ ಮುಳ್ಳು ಕಣ್ಣೆದುರೇ ಇಳಿಯಿತು. ಹಿಂದಿನವರು ಈ ಪರೀಕ್ಷೆ ಮಾಡಿದ ಕಾಗದ ಇತ್ತು, ಮಾಡಿದ ಗುರುತು ಇರಲಿಲ್ಲ. ಆಮೇಲೆ ದಾರಿ ತೆರವಾಗಿದೆಯೇ ಎಂದು ನೋಡುವ 26 ಮಿಲಿಮೀಟರ್ ಗುಂಡು, ಮ್ಯಾಂಡ್ರೆಲ್ ಬಿಟ್ಟೆ, ಬೆನ್ನಿಗೆ ಸಿಗ್ನಲ್ ಕೊಡುವ ಪ್ರೋಬ್ ಕಟ್ಟಿದ್ದೆ. ಅದು ಎರಡು ಕಡೆ ನಿಂತಿತು, ಎರಡೂ ಡಕ್ಟಿನ ತುಂಡುಗಳನ್ನು ಜೋಡಿಸುವ ಕಪ್ಲರ್ ಇರುವ ಜಾಗಗಳೇ. ಅಗೆದು ನೋಡಿದರೆ ಒಂದರಲ್ಲಿ ಡಕ್ಟಿನ ತುದಿಯನ್ನು ಗರಗಸದಲ್ಲಿ ಓರೆಯಾಗಿ ಕೊಯ್ದು, ಅಂಚು ಸವರದೆ ಹಾಗೆಯೇ ತುರುಕಿದ್ದರು. ಇನ್ನೊಂದರಲ್ಲಿ ರಬ್ಬರ್ ರಿಂಗೇ ಇರಲಿಲ್ಲ, ಒಳಗೆ ಕೆಸರು ಸೇರಿತ್ತು. 2 ಕಿಲೋಮೀಟರ್ ಅಗೆಯಬೇಕು ಎಂದಿದ್ದ ಕಡೆ ಎರಡು ಗುಂಡಿ ಸಾಕಾಯಿತು. ಸ್ಪಾಂಜ್ ಒಣಗಿ ಹೊರಬರುವವರೆಗೆ ಒಂದರ ಹಿಂದೊಂದು ಬಿಟ್ಟೆ. ಮೊದಲನೆಯದು ತಂದ ನೀರು ಒಂದು ಬಕೆಟ್ಟಿಗೆ ಕಡಿಮೆಯಿರಲಿಲ್ಲ.

ಗಾಳಿಯ ಬಿಸಿ ಇನ್ನೊಂದು ಕಾಟ. ಬಾಡಿಗೆ ಕಂಪ್ರೆಸರುಗಳಿಗೆ ಹೊರಬರುವ ಗಾಳಿಯನ್ನು ತಣಿಸುವ ಆಫ್ಟರ್‌ಕೂಲರ್ ಇರುವುದು ಅಪರೂಪ. ಹೊರಗಿನ ಗಾಳಿಗಿಂತ ಎಷ್ಟೋ ಬಿಸಿಯಾದ ಗಾಳಿ ಡಕ್ಟಿಗೆ ನುಗ್ಗಿದರೆ ಒಳಗಿನ ಪ್ಲಾಸ್ಟಿಕ್ಕೂ ಕೇಬಲ್ಲಿನ ಹೊದಿಕೆಯೂ ಮೆದುವಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹಿಂದೊಂದು ಕೆಲಸದಲ್ಲಿ ಅದೇ ಡಕ್ಟ್, ಅದೇ ಕೇಬಲ್ ಮಧ್ಯಾಹ್ನ ನಿಂತದ್ದು ರಾತ್ರಿ ಮುಂದುವರಿದದ್ದನ್ನು ನೋಡಿದ ಮೇಲೆ ನನಗೆ ಇದರ ಗೀಳು ಹಿಡಿಯಿತು. ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ನೋಡಿದೆ. ಗಾಳಿ ತಣ್ಣಗಾಯಿತು, ಆದರೆ ತಣ್ಣಗಾದ ಗಾಳಿ ತನ್ನ ತೇವವನ್ನೆಲ್ಲ ಡಕ್ಟಿನೊಳಗೆ ಕಕ್ಕಿತು. ಸುರುಳಿಯ ಮುಂದೆ ನೀರು ಬೇರ್ಪಡಿಸುವ ಬಾಟಲಿ ಹಾಕಿದ ಮೇಲೆ ಸರಿಹೋಯಿತು, ಆದರೆ ಸುರುಳಿಯ ಸಣ್ಣ ಬಾಯಿಯಲ್ಲಿ ಗಾಳಿಯ ಪ್ರಮಾಣ ಸಾಲಲಿಲ್ಲ. 12 ಮಿಲಿಮೀಟರ್ ಡಕ್ಟಿಗೆ ಅದು ಇಂದಿಗೂ ಚೆನ್ನಾಗಿದೆ. 40ರ ಡಕ್ಟಿಗೆ ನಿಮಿಷಕ್ಕೆ 10 ಘನ ಮೀಟರ್ ಬೇಕು, ಅದಕ್ಕೆ ನಿಜವಾದ ಆಫ್ಟರ್‌ಕೂಲರೇ ಗತಿ. ಕೊನೆಗೆ ಹಳೆಯದೊಂದನ್ನು ಕೊಂಡೆ. ಹೆಂಡತಿಗೆ ಅದರ ಬೆಲೆ ಇನ್ನೂ ಪೂರ್ತಿ ಗೊತ್ತಿಲ್ಲ.

ಲೂಬ್ರಿಕೆಂಟಿನಲ್ಲೂ ಆಟ ಆಡಿದ್ದೇನೆ. ಪಾತ್ರೆ ತೊಳೆಯುವ ದ್ರವ ಮೊದಲ ಹತ್ತು ನಿಮಿಷ ಅದ್ಭುತ, ಒಣಗಿದರೆ ಅಂಟು. ಅದಕ್ಕಿಂತ ಮುಖ್ಯವಾಗಿ, ಸಾಬೂನಿನ ಗುಣದ ದ್ರವಗಳು ಒತ್ತಡದಲ್ಲಿರುವ ಪಾಲಿಥಿಲೀನ್ ಹೊದಿಕೆಯಲ್ಲಿ ವರ್ಷಗಳ ಮೇಲೆ ಬಿರುಕು ತರಬಲ್ಲವು. ಟಾಲ್ಕ್ ಪುಡಿ ತೇವ ಸಿಕ್ಕಿದಲ್ಲಿ ಮುದ್ದೆಯಾಗಿ ಕೂತಿತು. ಊದುವುದಕ್ಕೆಂದೇ ತಯಾರಿಸಿದ ದ್ರವವೇ ಬೇಕು, ಅದೂ ಸ್ವಲ್ಪ. ಹೆಚ್ಚು ಸುರಿದರೆ ತಗ್ಗಿನಲ್ಲಿ ಮಡುಗಟ್ಟಿ ಕೇಬಲ್ಲನ್ನೇ ಹಿಡಿಯುತ್ತದೆ. ನಾನು ಅದನ್ನು ಎಷ್ಟು ಹಾಕುತ್ತೇನೆ, ಯಾವ ಎರಡು ಸ್ಪಾಂಜುಗಳ ನಡುವೆ ಹಾಕುತ್ತೇನೆ ಎಂಬುದು ಇಲ್ಲಿ ಬೇಡ. ಕೇಬಲ್ಲಿನ ಮೂತಿಗೆ ನಾನು ಕಟ್ಟುವ ತಲೆಯ ವಿಷಯವೂ ಅಷ್ಟೇ, ಅದರಿಂದಲೇ ಹೊಟ್ಟೆ ತುಂಬಬೇಕು.

ಬೆಳಕು ಹರಿಯುವ ಮೊದಲೇ ಶುರುಮಾಡಿದೆವು. ಡಕ್ಟಿನ ತುಂಡೊಂದರಲ್ಲಿ ಕೇಬಲ್ಲಿನ ದಾರಿ ಅಡ್ಡಗಟ್ಟಿ, ಎಷ್ಟು ನೂಕಿದರೆ ಅದು ಮಡಚುತ್ತದೆ ಎಂದು ನೋಡಿ ಯಂತ್ರವನ್ನು ಅದಕ್ಕಿಂತ ಸಾಕಷ್ಟು ಕೆಳಗೆ ಇಟ್ಟೆ. ಈ ಪರೀಕ್ಷೆ ಮಾಡದೆ ಯಂತ್ರ ಓಡಿಸುವವರ ಜೊತೆ ನಾನು ಕೆಲಸ ಮಾಡುವುದಿಲ್ಲ. ಆಚೆ ಚೇಂಬರಿನ ಮುಚ್ಚಳ ತೆಗೆದು ಗ್ಯಾಸ್ ಪರೀಕ್ಷೆಯಾದ ಮೇಲೆ ಡಕ್ಟಿನ ತುದಿ ಅಲುಗದಂತೆ ಬಿಗಿದು ಎಲ್ಲರನ್ನೂ ಮೇಲೆ ಹತ್ತಿಸಿದೆ. ಒತ್ತಡದಲ್ಲಿರುವ ಡಕ್ಟಿನ ಬಾಯೆದುರು ಯಾರೂ ಇರಬಾರದು.

ಮೊದಲು ಗಾಳಿ ಕಡಿಮೆ, ನೂಕು ಹೆಚ್ಚು. 400 ಮೀಟರ್ ಆದ ಮೇಲೆ ಗಾಳಿ ಏರಿಸುತ್ತಾ ಹೋದೆ. ನಿಮಿಷಕ್ಕೆ 60 ಮೀಟರ್ ಆಸುಪಾಸಿನಲ್ಲಿ ಓಡಿತು. ಹಿಂದಿನವರು ನಿಂತಿದ್ದ 1,100ರಲ್ಲಿ ಇಂಜಿನಿಯರ್ ಗಡಿಯಾರ ನೋಡಿದರು, ನಾನು ಮೀಟರ್ ನೋಡುತ್ತಿದ್ದೆ. 1,600ರಲ್ಲಿ ವೇಗ 25ಕ್ಕೆ ಇಳಿಯಿತು, 10 ಬಾರ್ ಪೂರ್ತಿ ತೆರೆದೆ. ತಿರುವುಗಳ ಹತ್ತಿರ ತುಸು ತಡವರಿಸಿತು. ನಮ್ಮ ಹುಡುಗನೊಬ್ಬ ನೂಕು ಏರಿಸಲು ಕೈ ಹಾಕಿದ, ಬೇಡ ಎಂದೆ. ಅಷ್ಟು ದೂರ ಹೋದ ಕೇಬಲ್ಲಿಗೆ ಹಿಂದಿನಿಂದ ನೂಕಿದರೆ ಡಕ್ಟಿನೊಳಗೆ ಹಾವಿನಂತೆ ಸುರುಳಿಯಾಗುತ್ತದೆ, ಅಷ್ಟೇ. ಮೂರನೆಯ ತಿರುವು ದಾಟುವಾಗ ವೇಗ 15ರ ಹತ್ತಿರ ಇತ್ತು. ಒಟ್ಟು ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಹಿಡಿಯಿತು ಎಂದು ನೆನಪು.

ಎರಡೂ ಚೇಂಬರುಗಳಲ್ಲಿ 20 ಮೀಟರ್ ಹೆಚ್ಚುವರಿ ಕೇಬಲ್ ಸುತ್ತಿ ಬಿಟ್ಟು, ಎಳೆಗಳಲ್ಲಿ ಬೆಳಕು ಎಲ್ಲಿ ನಷ್ಟವಾಗುತ್ತದೆ ಎಂದು ತೋರಿಸುವ ಓಟಿಡಿಆರ್ ಹಚ್ಚಿದೆವು. 1310 ನ್ಯಾನೋಮೀಟರ್ ತರಂಗಾಂತರದಲ್ಲಿ ಚೆನ್ನಾಗಿ ಕಾಣುವುದು ದೊಡ್ಡ ಮಾತಲ್ಲ, ಬಾಗಿನ ನಷ್ಟ ಬಯಲಾಗುವುದು 1550ರಲ್ಲಿ. ಅಲ್ಲಿಯೂ ಗೆರೆ ಒಂದು ಮೆಟ್ಟಿಲೂ ಇಲ್ಲದೆ ಇಳಿದಿತ್ತು. ಇಂಜಿನಿಯರ್ ಆ ಗ್ರಾಫನ್ನು ಎರಡು ಸಲ ಮುದ್ರಿಸಿಕೊಂಡು, ನೇರ ತುದಿಯಿಂದ ಊದುವ ವಿಚಾರವನ್ನು ತಮ್ಮ ಕಚೇರಿಯ ಟಿಪ್ಪಣಿಯಲ್ಲಿ ಸೇರಿಸಿಕೊಂಡರು. ನನ್ನ ಹೆಸರು ಅದರಲ್ಲಿ ಇಲ್ಲ ಎಂದು ಆಮೇಲೆ ತಿಳಿಯಿತು.

ಬಿಲ್ಲಿನ ಮುಕ್ಕಾಲು ಪಾಲು ಬಂದಿದೆ. ಎರಡು ಗುಂಡಿಗಳ ಖರ್ಚು ಕರಾರಿನಲ್ಲಿ ಇರಲಿಲ್ಲ ಎಂದು ಉಳಿದದ್ದನ್ನು ಹಿಡಿದಿಟ್ಟಿದ್ದಾರೆ. ಓರೆಯಾಗಿ ಕೊಯ್ದ ಆ ಡಕ್ಟ್ ತುಂಡನ್ನು ನಾನು ಎಸೆದಿಲ್ಲ. ಮುಂದಿನ ಸಭೆಗೆ ಅದನ್ನೂ ಒಯ್ಯುತ್ತೇನೆ.