ಮಾತು ತಡವಾದ ಮಗುವಿಗೆ ನೆರವಾಗುವ ಬಗೆ

ಒಂದೂವರೆ ವರ್ಷವಾದರೂ ಮಗು ಒಂದು ಪದವನ್ನೂ ಆಡದಿದ್ದರೆ, ಮಾತು ಕಲಿಸುವುದಕ್ಕೂ ಮೊದಲು ಅದರ ಕಿವಿಯನ್ನು ಪರೀಕ್ಷೆ ಮಾಡಿಸಬೇಕು. ಬಾಗಿಲು ಬಡಿದರೆ ತಿರುಗಿ ನೋಡುತ್ತದೆ, ಹಾಗಾಗಿ ಕಿವಿ ಚೆನ್ನಾಗಿಯೇ ಇದೆ ಎಂದು ಹೆತ್ತವರು ನಂಬುವುದು ಸಹಜ. ಆದರೆ ನೆಗಡಿಯ ಬಳಿಕ ಕಿವಿತಮಟೆಯ ಹಿಂದೆ ದ್ರವ ನಿಂತ ಮಗುವಿಗೆ ದೊಡ್ಡ ಸದ್ದು ಕೇಳಿಸಿದರೂ ಮಾತಿನೊಳಗಿನ ಮೆಲುದನಿಯ ಅಕ್ಷರಗಳು ಮಸುಕಾಗಿಬಿಡಬಹುದು. ಹುಟ್ಟಿದಾಗಿನ ತಪಾಸಣೆಯಲ್ಲಿ ಶ್ರವಣ ಸರಿಯಿತ್ತೆಂಬ ಮಾತ್ರಕ್ಕೆ ಈಗಲೂ ಸರಿಯಿದೆ ಎನ್ನಲಾಗದು.

ಮಗು ಎಷ್ಟು ಪದ ಆಡುತ್ತದೆ ಎಂದು ಎಣಿಸುವ ನಾವು ಅದು ಎಷ್ಟು ಅರ್ಥ ಮಾಡಿಕೊಳ್ಳುತ್ತದೆ ಎಂಬುದನ್ನು ಗಮನಿಸುವುದು ಕಡಿಮೆ. ಕೈ ತೋರದೆ, ಕಣ್ಣನ್ನೂ ಆ ಕಡೆ ಹಾಯಿಸದೆ ‘ಚೆಂಡು ತಾ’ ಎಂದು ಹೇಳಿ ನೋಡಿ. ಹೇಳಿದ್ದು ತಿಳಿಯುತ್ತಿದ್ದು, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತಿದ್ದರೆ ಅದು ಭರವಸೆಯ ಗುರುತು.

ಮನೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು, ಮಾಡುವುದಕ್ಕೆ ಅತ್ಯಂತ ಕಷ್ಟವಾದದ್ದೂ ಹೌದು: ಸುಮ್ಮನೆ ಕಾಯುವುದು. ಲೋಟದತ್ತ ನೋಡಿದೊಡನೆ ನೀರು ಕೊಟ್ಟುಬಿಟ್ಟರೆ ಮಗುವಿಗೆ ಬಾಯಿ ತೆರೆಯುವ ಅಗತ್ಯವೇ ಬರುವುದಿಲ್ಲ. ಅದರ ಎತ್ತರಕ್ಕೆ ಕುಳಿತು, ಮುಖಕ್ಕೆ ಮುಖ ಕೊಟ್ಟು, ‘ನೀರು ಬೇಕಾ, ಹಾಲು ಬೇಕಾ?’ ಎಂದು ಕೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ‘ನೀ’ ಎಂದರೂ ಸಾಕು, ಬರೀ ಕೈ ಚಾಚಿದರೂ ಸಾಕು. ‘ನೀರು, ನೀರು ಬೇಕು’ ಎನ್ನುತ್ತ ಕೊಡಿ. ಆಡುವವರೆಗೂ ಕೊಡುವುದಿಲ್ಲವೆಂದು ಹಟ ಹಿಡಿದರೆ ಮಗುವಿಗೆ ಅಳು ಬರುತ್ತದೆಯೇ ಹೊರತು ಮಾತು ಬರುವುದಿಲ್ಲ. ‘ಇದೇನು? ಅದೇನು? ಹೇಳು’ ಎಂಬ ಪ್ರಶ್ನೆಗಳ ಮಳೆಯನ್ನೂ ನಿಲ್ಲಿಸಿ, ಮಗು ಆ ಕ್ಷಣದಲ್ಲಿ ಏನನ್ನು ನೋಡುತ್ತಿದೆಯೋ ಅದನ್ನೇ ಚಿಕ್ಕ ಮಾತಿನಲ್ಲಿ ಹೇಳಿ: ‘ಕಾರು ಹೋಯಿತು’, ‘ಕಾರು ಬಿತ್ತು’. ಅದು ‘ಕಾರು’ ಎಂದರೆ ನೀವು ‘ಕೆಂಪು ಕಾರು’ ಎನ್ನಿ. ತಪ್ಪಾಗಿ ಉಚ್ಚರಿಸಿದರೆ ತಿದ್ದಬೇಡಿ, ಸರಿಯಾದ ರೂಪವನ್ನು ನೀವೇ ಮತ್ತೊಮ್ಮೆ ಆಡಿ.

ಮನೆಯಲ್ಲಿ ಎರಡು ಭಾಷೆಗಳಿರುವುದು ಮಾತಿನ ತೊಂದರೆಗೆ ಕಾರಣವಲ್ಲ; ಆದ್ದರಿಂದ ಒಂದನ್ನು ಬಿಡಬೇಕಾಗಿಲ್ಲ, ಪದಗಳನ್ನು ಎಣಿಸುವಾಗ ಎರಡನ್ನೂ ಸೇರಿಸಬೇಕು. ಮೊಬೈಲಿನ ವಿಡಿಯೊ ಮಾತ್ರ ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ತೋರಿಸದಿರುವುದೇ ಲೇಸು.

‘ಗಂಡುಮಕ್ಕಳಿಗೆ ಮಾತು ತಡ, ಕಾದು ನೋಡಿ’ ಎಂದು ಬಂಧುಗಳು ಹೇಳುತ್ತಾರೆ. ತಡವಾದ ಎಷ್ಟೋ ಮಕ್ಕಳು ತಾವಾಗಿಯೇ ಸರಿಹೋಗುವುದು ನಿಜವಾದರೂ, ಯಾವ ಮಗು ಹಾಗೆ ಸರಿಹೋಗುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಲಾಗದು. 12 ತಿಂಗಳಾದರೂ ತೊದಲದ, ಬೆರಳು ತೋರಿಸದ ಮಗುವನ್ನೂ, 24 ತಿಂಗಳಾದರೂ ‘ಅಮ್ಮ ಬಾ’ ಎಂಬಂತೆ ಎರಡು ಪದ ಜೋಡಿಸದ ಮಗುವನ್ನೂ ಮಕ್ಕಳ ವೈದ್ಯರಿಗೂ ವಾಕ್‌ ತಜ್ಞರಿಗೂ ತೋರಿಸಬೇಕು. ಒಂದು ವರ್ಷವಾದರೂ ಹೆಸರು ಹಿಡಿದು ಕರೆದರೆ ಓಗೊಡದಿದ್ದರೆ, ಅಥವಾ ವಯಸ್ಸು ಎಷ್ಟೇ ಇರಲಿ, ಆಡುತ್ತಿದ್ದ ಪದಗಳೇ ನಿಂತುಹೋದರೆ, ಆ ವಾರವೇ ವೈದ್ಯರ ಬಳಿ ಹೋಗಿ.