ಸ್ಕಾಲರ್‌ಶಿಪ್ ಬಂದಿತ್ತು, ನನಗೇ ಗೊತ್ತಿರಲಿಲ್ಲ

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಪತ್ರಿಕೋದ್ಯಮಕ್ಕೆ ಸೀಟು ಸಿಕ್ಕಿತು ಅಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಎಷ್ಟಾಯ್ತದ ಮಗ?" ನಾನು ಫೀಸು ಎಷ್ಟೋ ಅಷ್ಟನ್ನೇ ಹೇಳಿದೆ. ಲೆಕ್ಕ ತಪ್ಪಿದ್ದೇ ಅಲ್ಲಿ.

ನಮ್ಮದು ಕೊಳ್ಳೇಗಾಲದ ಕಡೆಯ ಊರು. ಅಪ್ಪ ಗಾರೆ ಕೆಲಸ, ಅವ್ವ ಕೂಲಿ. ನಾವು ಪರಿಶಿಷ್ಟ ಜಾತಿ, ಮನೆಯ ವರಮಾನ ಎರಡೂವರೆ ಲಕ್ಷದ ಮಿತಿಯ ಹತ್ತಿರವೂ ಹೋಗುವುದಿಲ್ಲ. ಹಾಗಾಗಿ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯವಿತ್ತು. ಆದರೆ ಅದು ಬರುವುದು ಯಾವಾಗಲೋ. ಊಟ, ರೂಮು, ಜೆರಾಕ್ಸು ಮೊದಲ ದಿನದಿಂದಲೇ ದುಡ್ಡು ಕೇಳುತ್ತವೆ. ಅವ್ವ ಸ್ತ್ರೀಶಕ್ತಿ ಸಂಘದಲ್ಲಿ 30,000 ಸಾಲ ತೆಗೆದಳು. ಹಾಸ್ಟೆಲ್ ಆಯ್ಕೆಪಟ್ಟಿ ಬರುವ ತನಕ ಸರಸ್ವತಿಪುರಂನಲ್ಲಿ ಮೂವರು ಸೇರಿ ಹಿಡಿದ ರೂಮಿಗೇ ಅದರಲ್ಲಿ ಅರ್ಧ ಹೋಯಿತು. ರೂಮಿನಲ್ಲಿದ್ದ ಒಬ್ಬಳು ಹಿಂದುಳಿದ ವರ್ಗದವಳು. ಹಾಸ್ಟೆಲ್ ಸಿಗದಿದ್ದಕ್ಕೆ ಅವಳಿಗೆ ವಿದ್ಯಾಸಿರಿ ಬಂತು: ತಿಂಗಳಿಗೆ 1,500ರಂತೆ ಹತ್ತು ತಿಂಗಳು.

ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವುದು ಕಷ್ಟವೇನಲ್ಲ. ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿಯಿರಬೇಕು, ಆದಾಯದ್ದಕ್ಕೆ ಐದು ವರ್ಷದ ವಾಯಿದೆ ಮುಗಿದಿರಬಾರದು. ನಾನು ಎಡವಿದ್ದು ಬೇರೆ ಕಡೆ. ಜೊತೆಯವರಿಗೆಲ್ಲ ದುಡ್ಡು ಬಂತು, ನನಗೆ ಇಲ್ಲ. ಪೋರ್ಟಲ್ ನೋಡಿದರೆ ಜಮೆಯಾಗಿದೆ ಅನ್ನುತ್ತದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ 412 ರೂಪಾಯಿ. ನಾಲ್ಕು ತಿಂಗಳು ಹೀಗೇ ಕಳೆಯಿತು. ಕೊನೆಗೆ ಸೀನಿಯರ್ ಅಕ್ಕ ಒಬ್ಬರು, "ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ ನೋಡಿದ್ದೀಯಾ?" ಅಂದರು. ಈ ದುಡ್ಡು ನಾವು ಅಂದುಕೊಂಡ ಖಾತೆಗೆ ಬೀಳುವುದಿಲ್ಲ, ಆಧಾರ್ ಸೀಡ್ ಆದ, ಅಂದರೆ ಜೋಡಣೆಯಾದ ಖಾತೆಗೆ ಬೀಳುತ್ತದೆ. ನನ್ನದು ಪಿಯುಸಿಯಲ್ಲಿ ತೆರೆದು ಮರೆತ ಖಾತೆಯೊಂದಕ್ಕೆ ಅಂಟಿಕೊಂಡಿತ್ತು. ಮೆಸೇಜ್ ಬರಬೇಕೆಂದರೆ ಅದಕ್ಕೆ ಕೊಟ್ಟಿದ್ದ ಸಿಮ್ ಕಳೆದುಹೋಗಿತ್ತು. ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗಿ ನೋಡಿದರೆ ಪೂರ್ತಿ ದುಡ್ಡು ಅಲ್ಲಿ ತಣ್ಣಗೆ ಕೂತಿದೆ! ಬಡ್ಡಿ ಕಟ್ಟಿದ ಅವ್ವನಿಗೆ ಇದನ್ನು ಹೇಳಲು ಎರಡು ದಿನ ಬೇಕಾಯಿತು.

ಆ ನಾಲ್ಕು ತಿಂಗಳು ನನ್ನನ್ನು ಸಾಕಿದ್ದು ನುಡಿ, ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ವಿಭಾಗದ ಲ್ಯಾಬಿನಲ್ಲಿ ಟೈಪಿಂಗ್ ಕಲಿತು, ಸಂಜೆ ಹೊತ್ತು ಡಿಟಿಪಿ ಅಂಗಡಿಯಲ್ಲಿ ಪಿಎಚ್‌.ಡಿ. ಪ್ರಬಂಧಗಳನ್ನು ಪುಟಕ್ಕೆ 15 ರೂಪಾಯಿಯಂತೆ ಹೊಡೆದೆ. ಕಾಗುಣಿತ ತಿದ್ದುವುದು ಬಿಟ್ಟಿ.

ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳಿಗೆಂದೇ ವಿದ್ಯಾರ್ಥಿವೇತನವಿದೆ ಎಂದು ನನಗೆ ತಿಳಿದದ್ದು ಎಂ.ಎ. ಎರಡನೇ ಸೆಮಿಸ್ಟರಿನಲ್ಲಿ. ಮೊದಲೇ ಗೊತ್ತಿದ್ದರೆ ಅರ್ಜಿಯನ್ನಾದರೂ ಹಾಕುತ್ತಿದ್ದೆ. ನಮ್ಮ ಡಿಗ್ರಿ ಕಾಲೇಜಿನಲ್ಲಿ ಇಂಥದ್ದನ್ನು ಹೇಳುವವರೇ ಇರಲಿಲ್ಲ.

ಒಮ್ಮೆ ಕ್ಲಾಸಿನಲ್ಲಿ ಮೇಷ್ಟ್ರು 2006ರ ಸಮೀಕ್ಷೆಯೊಂದರ ಮಾತು ತೆಗೆದರು. ದೆಹಲಿಯ ರಾಷ್ಟ್ರೀಯ ಮಾಧ್ಯಮಗಳಲ್ಲಿ ನಿರ್ಧಾರ ಮಾಡುವ 315 ಹಿರಿಯ ಪತ್ರಕರ್ತರನ್ನು ಎಣಿಸಿದರೆ ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಸಿಗಲಿಲ್ಲವಂತೆ. ಯಾಕೆ ಅಂತ ಗೊತ್ತಾಗಿದ್ದು ಇಂಟರ್ನ್‌ಶಿಪ್‌ನಲ್ಲಿ. ಬೆಂಗಳೂರಿನ ಒಂದು ಪತ್ರಿಕೆ, ಎರಡು ತಿಂಗಳು, ಸಂಬಳವಿಲ್ಲ. ಬೆಂಗಳೂರಲ್ಲಿ ಮನೆಯಿದ್ದವರಿಗೆ ಅದು ಅನುಭವ. ನಮ್ಮಂಥವರಿಗೆ ಎರಡು ತಿಂಗಳ ಸಾಲ. ಫೀಸಿಗೆ ಹತ್ತು ಯೋಜನೆ ಇವೆ, ಈ ಎರಡು ತಿಂಗಳಿಗೆ ನನಗೆ ಒಂದೂ ಸಿಗಲಿಲ್ಲ. ಸೋಸುವುದು ಸೀಟು ಕೊಡುವಾಗಲ್ಲ, ಇಲ್ಲಿ. ನನ್ನ ಜೊತೆ ಓದಿದ ಇಬ್ಬರು ಇದೇ ಹೊತ್ತಿಗೆ ಬಿ.ಇಡಿ. ಕಡೆ ಹೊರಳಿದರು.

ನಾನು ಮಾಡಿದ್ದಿಷ್ಟು. ಕೊಳ್ಳೇಗಾಲದಲ್ಲಿ ಸಿಕ್ಕ ದುಡ್ಡಿನಲ್ಲಿ ಅರ್ಧ ಸಂಘಕ್ಕೆ ಕಟ್ಟಿ, ಉಳಿದರ್ಧ ಮುಟ್ಟದೆ ಇಟ್ಟೆ. ಬೆಂಗಳೂರಿನ ಲಗ್ಗೆರೆಯಲ್ಲಿ ಚಿಕ್ಕಮ್ಮನ ಒಂದೇ ಕೋಣೆಯ ಮನೆ; ಅಡುಗೆಮನೆಯಲ್ಲಿ ಹಾಸಿಗೆ. ಬಸ್ಸಿಗೆ ದಿನದ ಪಾಸು 70 ರೂಪಾಯಿ. ಅಷ್ಟರಲ್ಲಿ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಆ ಖರ್ಚು ನಿಂತಿತು. ಡೆಸ್ಕಿನಲ್ಲಿ ನನ್ನ ಕೈ ಹಿಡಿದಿದ್ದು ಮತ್ತೆ ನುಡಿಯೇ. ಎರಡನೇ ವಾರಕ್ಕೆ ಜಿಲ್ಲಾ ಪುಟದ ಸುದ್ದಿ ತಿದ್ದಲು ಕೊಟ್ಟರು.

ಎಂ.ಎ. ಮುಗಿದ ಮೇಲೆ ವಾರ್ತಾ ಇಲಾಖೆಯ ಅಪ್ರೆಂಟಿಸ್ ತರಬೇತಿಗೆ ಸೇರಿದೆ. ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಸ್ಟೈಪೆಂಡ್ ಕೊಟ್ಟು ಕಲಿಸುವ ತರಬೇತಿ ಅದು. ಸಂಘದ ಕೊನೆಯ ಕಂತು ಕಟ್ಟಿದ್ದು ಆ ದುಡ್ಡಿನಲ್ಲೇ.

ಈಗ ಪತ್ರಿಕೆಯೊಂದರಲ್ಲಿ ಉಪಸಂಪಾದಕಿ. ಜೂನ್ ಬಂತೆಂದರೆ ಊರಿನ ಕಡೆಯಿಂದ ಫೋನು: "ಅಕ್ಕ, ಜರ್ನಲಿಸಂ ಮಾಡ್ಬೇಕು, ಎಷ್ಟಾಯ್ತದೆ?" ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ ಸ್ಕ್ರೀನ್‌ಶಾಟ್ ಕಳಿಸು ಅನ್ನುತ್ತೇನೆ. ಆಮೇಲೆ, ಬೆಂಗಳೂರಲ್ಲಿ ನಿಮ್ಮ ಚಿಕ್ಕಮ್ಮ ಯಾರಾದರೂ ಇದ್ದಾರಾ ಅಂತ ಕೇಳುತ್ತೇನೆ.